ಪಾತ್ರಾಪಾತ್ರ ವಿವೇಕ

'ಪಾತ್ರ' ಎಂಬ ಮಾತಿಗೆ ಸಂಸ್ಕೃತದಲ್ಲಿ ಎರಡು ಅರ್ಥ. ಏನನ್ನಾದರೂ ತುಂಬಿಡುವ ಭಾಂಡ ಎಂಬುದು ಒಂದು. ದಾನಕ್ಕೋ ವಿದ್ಯೆಗೋ ತಕ್ಕವನು ಎಂಬುದು ಇನ್ನೊಂದು. ಕನ್ನಡದಲ್ಲಿ ನಾವು ಮೊದಲನೆಯದನ್ನು 'ಪಾತ್ರೆ' ಎಂದು ಮಾಡಿಕೊಂಡು, ಎರಡನೆಯದನ್ನು ಇದ್ದಂತೆಯೇ ಉಳಿಸಿಕೊಂಡು, ಎರಡಕ್ಕೂ ಇರುವ ನಂಟನ್ನು ಮರೆತೆವು. ಅಡುಗೆಮನೆಯಲ್ಲಿ ಮಾತ್ರ ಆ ನಂಟು ಬಹುಕಾಲ ಉಳಿದಿತ್ತು. ಸಾರಿಗೆ ಯಾವುದು ಪಾತ್ರ, ಮಜ್ಜಿಗೆಗೆ ಯಾವುದು ಅಪಾತ್ರ, ಉಪ್ಪಿನಕಾಯಿಯನ್ನು ಯಾವುದರ ಹತ್ತಿರಕ್ಕೂ ತರಬಾರದು ಎಂಬ ವಿಚಾರ ಮನೆಯ ಹಿರಿಯ ಹೆಂಗಸರಿಗೆ ಬಾಯಿಪಾಠವಾಗಿತ್ತು. ಅವರು ರಸಾಯನಶಾಸ್ತ್ರವನ್ನು ಓದಿದವರಲ್ಲ. ಆದರೆ ಕಣ್ಣಿಗೆ ಕಂಡದ್ದನ್ನೂ ನಾಲಗೆಗೆ ತಿಳಿದದ್ದನ್ನೂ ಮರೆಯದವರು.

ಈಚೆಗೆ ಪಟ್ಟಣದ ಮನೆಗಳಲ್ಲಿ ಈ ವಿಚಾರ ಮತ್ತೆ ತಲೆಯೆತ್ತಿದೆ. ಅಂಟದ ಬಾಣಲೆಯಲ್ಲಿ ವಿಷವಿದೆಯೆಂದು ಒಬ್ಬರು ಹೆದರಿಸಿದರೆ, ಅಲ್ಯೂಮಿನಿಯಂ ಪಾತ್ರೆಯಿಂದ ಮರೆವಿನ ರೋಗ ಬರುತ್ತದೆಂದು ಇನ್ನೊಬ್ಬರು ಹೆದರಿಸುತ್ತಾರೆ. ಹೆದರಿದವರು ಹಿತ್ತಾಳೆಯ ತಪ್ಪಲೆ, ಕಂಚಿನ ಬಟ್ಟಲು, ಕಲ್ಲಿನ ಚಟ್ಟಿಗಳನ್ನು ಸಾವಿರಾರು ರೂಪಾಯಿ ತೆತ್ತು ಮನೆಗೆ ತರುತ್ತಾರೆ. "ನಮ್ಮ ಅಜ್ಜಿಯರು ಇದರಲ್ಲಿಯೇ ಬೇಯಿಸಿದರು, ಅವರಿಗೇನಾಯಿತು?" ಎಂಬುದು ಅವರ ಸಮಾಧಾನ. ಈ ಪ್ರಶ್ನೆಯನ್ನು ಸಮಾಧಾನಕ್ಕಾಗಿ ಕೇಳದೆ ಉತ್ತರಕ್ಕಾಗಿ ಕೇಳಿದರೆ ಚರಿತ್ರೆ ಒಂದು ಉತ್ತರವನ್ನು ಕೊಡುತ್ತದೆ. ಅಜ್ಜಿಯರಿಗೆ ಏನೂ ಆಗಲಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಆದರೆ ಅವರ ಮಡಿಲ ಕೂಸುಗಳ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಆ ಕಥೆಗೆ ಬರುವ ಮುನ್ನ ಸ್ವಲ್ಪ ಹಿಂದಿನಿಂದ ನೋಡಬೇಕು.

ಮನುಷ್ಯ ಬೇಯಿಸಲು ಕಲಿತದ್ದು ಮಣ್ಣಿನಲ್ಲಿ. ಹರಿಹರನು ಒಬ್ಬ ಕುಂಬಾರನ ಮೇಲೆ, ಗುಂಡಯ್ಯನ ಮೇಲೆ, ಒಂದು ರಗಳೆಯನ್ನೇ ಬರೆದ. ಮಡಕೆ ಬಡಿಯುವ ಅವನ ತಾಳಕ್ಕೆ ಶಿವನೇ ಕುಣಿದನೆಂಬ ಕಥೆ ಕನ್ನಡಿಗರಿಗೆ ಹೊಸದಲ್ಲ. ಮೆರುಗು ಹಚ್ಚದ ಸುಟ್ಟ ಮಣ್ಣು ಹುಳಿಗೆ ಹೆದರುವುದಿಲ್ಲ, ಉಪ್ಪಿಗೆ ಹೆದರುವುದಿಲ್ಲ. ಅದರ ದೋಷವೆಂದರೆ ಒಡೆಯುವುದು. ಜೊತೆಗೆ ಒಮ್ಮೆ ಮೈಲಿಗೆಯಾದರೆ ಶಾಸ್ತ್ರದ ಪ್ರಕಾರ ಅದನ್ನು ಸುಲಭವಾಗಿ ಶುದ್ಧಿಮಾಡುವಂತಿಲ್ಲ. ಬಳಪದ ಕಲ್ಲಿನ ಚಟ್ಟಿ ಇದಕ್ಕಿಂತ ಬಾಳಿಕೆಯದು. ಬೇಲೂರು ಹಳೇಬೀಡುಗಳಲ್ಲಿ ಹೊಯ್ಸಳರ ರೂವಾರಿಗಳು ಮದನಿಕೆಯರ ಕೈಬಳೆಗಳನ್ನು ಬಿಡಿಸಿದ್ದು ಇಂಥ ಮೆದುಗಲ್ಲಿನಲ್ಲಿಯೇ. ಒಂದೇ ಜಾತಿಯ ಕಲ್ಲು ಒಂದು ಕಡೆ ದೇವಾಲಯವಾಯಿತು, ಇನ್ನೊಂದು ಕಡೆ ಗೊಜ್ಜಿನ ಪಾತ್ರೆಯಾಯಿತು! ಒಲೆಯಿಂದ ಇಳಿಸಿದ ಮೇಲೆಯೂ ಬಹಳ ಹೊತ್ತು ಅದು ಕುದಿಯುತ್ತಲೇ ಇರುತ್ತದೆ. ಹುಣಸೆಯ ಹುಳಿಯಾಗಲಿ ನಿಂಬೆಯ ಹುಳಿಯಾಗಲಿ ಅದನ್ನು ಕದಲಿಸುವುದಿಲ್ಲ. ಹೊಸ ಚಟ್ಟಿಯನ್ನು ಎಣ್ಣೆ ಅರಿಸಿನಗಳಿಂದಲೂ ಅಕ್ಕಿ ಬಸಿದ ಗಂಜಿಯಿಂದಲೂ ಕೆಲವು ದಿನ ಪಳಗಿಸದೆ ಒಲೆಗೇರಿಸಿದವರು ಮಾತ್ರ ಬಿರುಕು ಬಿಟ್ಟ ಕಲ್ಲನ್ನು ಹಿತ್ತಲಿಗೆ ಹಾಕಬೇಕಾಗುತ್ತಿತ್ತು.

ತಾಮ್ರ, ಹಿತ್ತಾಳೆ, ಕಂಚುಗಳು ಗೆದ್ದದ್ದು ಬಾಳಿಕೆಯಿಂದ ಮತ್ತು ಮಡಿಯಿಂದ. ತಾಮ್ರ, ಹಿತ್ತಾಳೆ, ತವರ, ಸೀಸ ಮೊದಲಾದವನ್ನು ಬೂದಿಯ ಕ್ಷಾರದಿಂದಲೂ ಹುಳಿಯಿಂದಲೂ ನೀರಿನಿಂದಲೂ ಶುದ್ಧಿಮಾಡಬಹುದೆಂದು ಮನುಸ್ಮೃತಿ ಹೇಳುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕಪ್ಪಾದ ತಾಮ್ರ ಹೊಸದಾಗುತ್ತದೆಂಬುದು ಎಲ್ಲ ಮನೆಗಳಲ್ಲೂ ಕಂಡ ಸಂಗತಿ. ಈ ಹೊಳಪು ಎಲ್ಲಿಂದ ಬಂತು? ಹುಳಿ ಮೇಲಿನ ಕಿಲುಬನ್ನು ಕರಗಿಸಿತು, ಅದರಿಂದ ಬಂತು. ಪಾತ್ರೆ ತೊಳೆಯುವಾಗ ಹುಳಿ ಮಾಡುವ ಕೆಲಸವನ್ನೇ ಸಾರು ಕುದಿಯುವಾಗಲೂ ಹುಳಿ ಮಾಡುತ್ತದೆ. ಒಂದರಲ್ಲಿ ಕರಗಿದ ತಾಮ್ರ ಬಚ್ಚಲಿಗೆ ಹೋಗುತ್ತದೆ. ಇನ್ನೊಂದರಲ್ಲಿ ಎಲೆಗೆ ಬರುತ್ತದೆ. ವ್ಯತ್ಯಾಸ ಇಷ್ಟೇ.

ಈ ಸಂಗತಿ ನಮ್ಮ ಹಿರಿಯರ ಕಣ್ಣಿಗೆ ಬೀಳದೆ ಇರಲಿಲ್ಲ. ಹಿತ್ತಾಳೆಯಲ್ಲಿಟ್ಟ ಮಜ್ಜಿಗೆ ಹಸುರುಗಟ್ಟುತ್ತದೆ. ಅದನ್ನು ಕುಡಿದವನಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಇದಕ್ಕೆ 'ಕಿಲುಬಿತು' ಎಂಬ ಒಂದೇ ಮಾತು ಸಾಕಾಗಿತ್ತು. ಹುಳಿಯಷ್ಟೇ ಅಲ್ಲ, ಜಿಡ್ಡಿನ ವಿಷಯದಲ್ಲಿಯೂ ಎಚ್ಚರವಿತ್ತು. ಕಂಚಿನ ಪಾತ್ರೆಯಲ್ಲಿ ಹತ್ತು ದಿನ ಇಟ್ಟ ತುಪ್ಪ ವಿರುದ್ಧಾಹಾರವೆಂದು ವಾಗ್ಭಟನ ಅಷ್ಟಾಂಗಹೃದಯದಲ್ಲಿ ಹೇಳಿದೆ. ಕಂಚೆಂದರೆ ತಾಮ್ರಕ್ಕೆ ತವರ ಬೆರೆತದ್ದು; ತುಪ್ಪದಲ್ಲಿರುವ ಕೊಬ್ಬಿನ ಆಮ್ಲಗಳು ನಿಧಾನವಾಗಿ ತಾಮ್ರವನ್ನು ಕರಗಿಸಿಕೊಳ್ಳುತ್ತವೆಂದು ಇಂದಿನ ರಸಾಯನಶಾಸ್ತ್ರವೂ ಹೇಳುತ್ತದೆ. ಸಾವಿರ ವರ್ಷಕ್ಕೂ ಹಿಂದೆ, ತಕ್ಕಡಿಯೂ ಪ್ರಯೋಗಶಾಲೆಯೂ ಇಲ್ಲದೆ, ಒಬ್ಬ ವೈದ್ಯ ಇದನ್ನು ಗುರುತಿಸಿ ದಿನವನ್ನೂ ಎಣಿಸಿಟ್ಟನೆಂಬುದು ಸಣ್ಣ ವಿಷಯವಲ್ಲ.

ಹಾಗಾದರೆ ಹುಳಿಯಿಲ್ಲದೆ ಊಟವಿಲ್ಲದ ನಮ್ಮ ನಾಡಿನಲ್ಲಿ ಹಿತ್ತಾಳೆ ಹೇಗೆ ಒಲೆಯನ್ನೇರಿತು? ಇದಕ್ಕೆ ಉತ್ತರ ಕಲಾಯಿ.

ಕಲಾಯಿ ಎಂಬ ಮಾತು ನಮಗೆ ಹಿಂದೂಸ್ತಾನಿಯ ಮೂಲಕ ಬಂದದ್ದು, ಮೂಲದಲ್ಲಿ ಅರಬ್ಬಿ. ಅರಬ್ಬಿಯಲ್ಲಿ ಅದರರ್ಥ ತವರ. ಮಲಯದ ಕರಾವಳಿಯಲ್ಲಿ ಅರಬ್ಬಿ ನಾವಿಕರು 'ಕಲಹ್' ಎಂದು ಕರೆಯುತ್ತಿದ್ದ ಒಂದು ರೇವಿನಿಂದ ಆ ಹೆಸರು ಹುಟ್ಟಿತೆಂದು ವಿದ್ವಾಂಸರಲ್ಲಿ ಅನೇಕರು ಹೇಳುತ್ತಾರೆ. ಮಲಯದಲ್ಲಿ ತವರ ಹೇರಳ. ನಮ್ಮ ಹಳ್ಳಿಯ ಹುಳಿ ಕಿಲುಬದೆ ಉಳಿಯಲು ಸಮುದ್ರದಾಚೆಯ ಗಣಿಯೊಂದು ಬೇಕಾಗಿತ್ತೆಂದರೆ, ಹಿಂದಿನ ಕಾಲದ ಅಡುಗೆಮನೆ ನಾವು ಭಾವಿಸುವಷ್ಟು ಸ್ವಯಂಪೂರ್ಣವಾಗಿರಲಿಲ್ಲವೆಂದೇ ಹೇಳಬೇಕು.

ಕಂಚುಗಾರರು ಬಡಿದ ಪಾತ್ರೆಯನ್ನು ಬೋಗಾರರು ಮಾರುತ್ತಿದ್ದರು. ನಾಗಮಂಗಲ, ಶ್ರವಣಬೆಳಗೊಳಗಳು ಈ ಕಸಬಿಗೆ ಹೆಸರಾದ ಊರುಗಳು. ಆದರೆ ಕೊಂಡ ಪಾತ್ರೆಯನ್ನು ತಲೆಮಾರುಗಟ್ಟಲೆ ಕಾಪಾಡುತ್ತಿದ್ದವರು ಕಲಾಯಿ ಸಾಹೇಬರು. ನನ್ನ ವಯಸ್ಸಿನವರು ಅವರ ಕಡೆಯ ತಲೆಮಾರನ್ನು ಚಿಕ್ಕಂದಿನಲ್ಲಿ ಬೀದಿಯ ಮರದಡಿಯಲ್ಲಿ ಕಂಡಿರಬೇಕು. ನೆಲದಲ್ಲಿ ಒಂದು ಗುಳಿ ತೋಡಿ, ಇದ್ದಲು ತುಂಬಿ, ತಿದಿಯನ್ನು ಹೂಡಿ ಬೆಂಕಿ ಮಾಡುವರು. ತಿಕ್ಕಿ ತೊಳೆದ ಪಾತ್ರೆಯನ್ನು ಇಕ್ಕುಳದಲ್ಲಿ ಹಿಡಿದು ಚೆನ್ನಾಗಿ ಕಾಯಿಸುವರು. ಒಂದು ಚಿಟಿಕೆ ನವಸಾಗರವನ್ನು ಒಳಗೆ ಎರಚಿದೊಡನೆ ಬಿಳಿಯ ಹೊಗೆಯೊಂದು ಭುಗಿಲೆಂದೇಳುವುದು. ಸುತ್ತ ಕುಳಿತ ಹುಡುಗರೆಲ್ಲ ಮೂಗು ಮುಚ್ಚಿಕೊಳ್ಳುವರು. ಆದರೂ ಎದ್ದು ಹೋಗುವವರಿಲ್ಲ! ತವರದ ಕಡ್ಡಿಯನ್ನು ಒಮ್ಮೆ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಸರಸರನೆ ಒಳಮೈಗೆಲ್ಲ ಬಳಿದರೆ, ಹಳದಿಯ ಪಾತ್ರೆ ಕಣ್ಣೆದುರಿಗೇ ಬೆಳ್ಳಿಯಾಗುತ್ತಿತ್ತು. ಆಮೇಲೆ ನೀರಿನಲ್ಲಿ ಅದ್ದಿದಾಗ ಚುಂಯ್ ಎಂಬ ಸದ್ದು.

ಇದರಲ್ಲಿ ಮಾಟವೇನೂ ಇಲ್ಲ. ನವಸಾಗರ ಕಾದಾಗ ಒಡೆದು ಆಮ್ಲವನ್ನು ಬಿಡುತ್ತದೆ. ಅದು ಲೋಹದ ಮೇಲಿನ ಕಿಟ್ಟವನ್ನು ತೆಗೆದು ತವರ ಹಿಡಿಯಲು ಎಡೆ ಮಾಡಿಕೊಡುತ್ತದೆ. ತಾಮ್ರ ಕರಗಬೇಕಾದರೆ 1085 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ತವರಕ್ಕೆ 232 ಡಿಗ್ರಿ ಸಾಕು. ನೀರಿರುವ ಅಡುಗೆ ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಇರುವುದರಿಂದ ಸಾರಿಗೂ ಹುಳಿಗೂ ಕಲಾಯಿ ಸೊಗಸಾಗಿ ಒದಗುತ್ತದೆ. ಒಣ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ, ಎಣ್ಣೆ ಕಾಯಿಸಿ ಕರಿಯಲು ಹೊರಟರೆ, ಕಲಾಯಿ ಕದಡಿ ಕೆಟ್ಟುಹೋಗುತ್ತದೆ. ಅದಕ್ಕಾಗಿಯೇ ಕರಿಯಲು ಹುರಿಯಲು ಕಬ್ಬಿಣದ ಬಾಣಲೆ. ಕುದಿಸಲು ಕಲಾಯಿ ಹಾಕಿದ ತಪ್ಪಲೆ. ಬರಿಯ ತವರದಿಂದಲೇ ಮಾಡಿದ ಸಾರಿನ ಚೊಂಬು ತಮಿಳು ಸೀಮೆಯಲ್ಲಿ ಪ್ರಸಿದ್ಧ; ನಮ್ಮಲ್ಲಿಯೂ ಕೆಲವು ಮನೆಗಳಲ್ಲಿ ಬಳಕೆಯಲ್ಲಿತ್ತು. ಅದನ್ನು ನೀರಿಲ್ಲದೆ ಒಲೆಗಿಟ್ಟರೆ ಚೊಂಬೇ ಕರಗಿ ಒಲೆಯ ಬೂದಿಯೊಳಗೆ ಇಳಿಯುತ್ತದೆ. ಹೊಸ ಸೊಸೆಯ ಮೇಲೆ ಅತ್ತೆಗೆ ಕೋಪ ಬರಲು ಇದಕ್ಕಿಂತ ದೊಡ್ಡ ಕಾರಣ ಬೇಕಾಗಿರಲಿಲ್ಲ.

ಕಲಾಯಿಗೆ ಎರಡು ಶತ್ರುಗಳು. ಒಂದು, ಸವೆತ. ಒಳಗಿನ ಪದರ ಬಲು ತೆಳು. ದಿನವೂ ತಿಕ್ಕುವ ಪಾತ್ರೆಗೆ ವರ್ಷಕ್ಕೆ ಒಂದೆರಡು ಬಾರಿಯಾದರೂ ಹಾಕಿಸಬೇಕು. ತಳದಲ್ಲಿ ಹಳದಿಯೋ ಕೆಂಪೋ ಇಣುಕಿದರೆ ಹೊತ್ತಾಯಿತೆಂದೇ ಅರ್ಥ. ಎರಡನೆಯದು, ಸೀಸ. ತವರ ದುಬಾರಿ, ಸೀಸ ಅಗ್ಗ. ಎರಡನ್ನೂ ಬೆರೆಸಿದರೆ ಇನ್ನೂ ಕಡಮೆ ಶಾಖಕ್ಕೆ ಕರಗಿ ಬಳಿಯಲು ಹಗುರ. ಈ ಆಶೆಗೆ ಬಿದ್ದವರು ಎಲ್ಲ ದೇಶಗಳಲ್ಲಿಯೂ ಇದ್ದರು. ಸವೆತ ಕಣ್ಣಿಗೆ ಕಾಣುತ್ತದೆ, ಸೀಸ ಕಾಣುವುದಿಲ್ಲ. ಹುಳಿಯೊಡನೆ ಅದು ಕರಗಿದರೆ ಬಣ್ಣವಿಲ್ಲ, ಕಹಿಯಿಲ್ಲ, ವಾಂತಿಯಿಲ್ಲ. ವರ್ಷಗಳ ಮೇಲೆ ಮಕ್ಕಳ ಬುದ್ಧಿ ಮಂಕಾಗುತ್ತದೆ; ಯಾರೂ ಅದಕ್ಕೆ ಪಾತ್ರೆಯನ್ನು ದೂರುವುದಿಲ್ಲ.

ಸರಕಾರಕ್ಕೆ ಈ ವಿಷಯ ತಿಳಿಯದೆ ಇರಲಿಲ್ಲ. 1954ರ ಆಹಾರ ಕಲಬೆರಕೆ ನಿರೋಧಕ ಕಾಯಿದೆಯ ಕೆಳಗೆ 1955ರಲ್ಲಿ ಮಾಡಿದ ನಿಯಮಗಳಲ್ಲಿ, ಸರಿಯಾಗಿ ಕಲಾಯಿ ಹಾಕದ ತಾಮ್ರ ಹಿತ್ತಾಳೆಗಳ ಪಾತ್ರೆಯಲ್ಲಿ ಮಾಡಿದ ಅಥವಾ ಇಟ್ಟ ಆಹಾರ ಮನುಷ್ಯರು ತಿನ್ನಲು ಯೋಗ್ಯವಲ್ಲವೆಂದು ಭಾವಿಸತಕ್ಕದ್ದೆಂಬ ಮಾತು ಸೇರಿತು. ತುಕ್ಕು ಹಿಡಿದ ಡಬ್ಬಿಗೂ ಚಕ್ಕೆ ಎದ್ದ ಎನಾಮೆಲ್ ಪಾತ್ರೆಗೂ ಅದೇ ಗತಿ. ಆದರೆ ಈ ಕಾಯಿದೆ ಮಾರುವವರಿಗೆ, ಹೋಟೆಲಿನವರಿಗೆ. ಮನೆಯೊಡತಿಯ ಒಲೆಯ ಬಳಿಗೆ ಯಾವ ಇನ್‌ಸ್ಪೆಕ್ಟರೂ ಬರಲಿಲ್ಲ. ಬರಲು ಸಾಧ್ಯವೂ ಇರಲಿಲ್ಲ.

ಇನ್ನು ಹಾಲಿನ ಕಥೆ.

ಹುಳಿ ಪದಾರ್ಥಕ್ಕೆ ಕಲಾಯಿ ಬೇಕೆಂಬುದು ಎಲ್ಲರಿಗೂ ತಿಳಿದಿತ್ತು. ಹಾಲು ಹುಳಿಯಲ್ಲ, ಸಿಹಿ. ಅದು ಹಿತ್ತಾಳೆಯಲ್ಲಿ ಕಿಲುಬುವುದಿಲ್ಲ, ಹಸುರಾಗುವುದಿಲ್ಲ, ರುಚಿ ಕೆಡುವುದಿಲ್ಲ. ಆದುದರಿಂದ ಹಾಲಿನ ಪಾತ್ರೆಗೆ ಕಲಾಯಿ ಸವೆದರೂ, ಇಲ್ಲವೇ ಇಲ್ಲದಿದ್ದರೂ, ಯಾರೂ ಅಷ್ಟಾಗಿ ಗಮನಿಸುತ್ತಿರಲಿಲ್ಲ. ಮಗುವಿನ ಹಾಲನ್ನು ಕಾಯಿಸಿ ಅದೇ ಪಾತ್ರೆಯಲ್ಲಿ ದಿನವೆಲ್ಲ ಇಟ್ಟು, ಬೇಕಾದಾಗ ಬೆಚ್ಚಗೆ ಮಾಡಿ ಕುಡಿಸುವ ವಾಡಿಕೆ ದೇಶದ ಎಷ್ಟೋ ಭಾಗಗಳಲ್ಲಿತ್ತು.

ಅದೇ ಕಾಲದಲ್ಲಿ ಎಳೆಯ ಮಕ್ಕಳನ್ನು ಕೊಲ್ಲುವ ಒಂದು ರೋಗವಿತ್ತು. ಆರು ತಿಂಗಳಾದ ಮೇಲೆ, ಬಹುತೇಕ ಮೂರು ವರ್ಷದೊಳಗೆ, ಮಗು ಕಾರಣವಿಲ್ಲದೆ ರಚ್ಚೆ ಹಿಡಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಯಕೃತ್ತು ಬೆಳೆದು ಕಲ್ಲಿನಂತೆ ಗಟ್ಟಿಯಾಗುತ್ತದೆ, ಕಾಮಾಲೆ ಬರುತ್ತದೆ, ತಿಂಗಳುಗಳಲ್ಲಿ ಮುಗಿದುಹೋಗುತ್ತದೆ. ಒಂದೇ ತಾಯಿಯ ಎರಡು ಮೂರು ಮಕ್ಕಳು ಹೀಗೆ ಹೋದ ಮನೆಗಳಿದ್ದವು. 1887ರಲ್ಲಿ ಕಲ್ಕತ್ತೆಯ ಸೇನ್ ಎಂಬ ವೈದ್ಯರು ಇದನ್ನು ಮೊದಲು ವರ್ಣಿಸಿದರು. ಮುಂದೆ ವೈದ್ಯಗ್ರಂಥಗಳಲ್ಲಿ ಇದಕ್ಕೆ 'ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್' ಎಂದೇ ಹೆಸರಾಯಿತು. ಭಾರತದ ಹೆಸರನ್ನೇ ಹೊತ್ತ ರೋಗ. ನಮ್ಮ ಮನೆಗಳಲ್ಲಿ "ಮಗುವಿಗೆ ಲಿವರ್ ಆಗಿದೆ" ಎಂದರೆ ಸಾಕು, ಕೇಳಿದವರ ಮುಖ ಬಾಡುತ್ತಿತ್ತು. ಮದರಾಸಿನ ಜಮ್ಮಿ ವೆಂಕಟರಮಣಯ್ಯನವರ ಲಿವರ್ ಔಷಧದ ಜಾಹೀರಾತು ದಕ್ಷಿಣದ ಪತ್ರಿಕೆಗಳಲ್ಲಿ ಎಷ್ಟೋ ಕಾಲ ಬರುತ್ತಿದ್ದುದನ್ನು ಹಳೆಯ ಸಂಪುಟಗಳನ್ನು ತಿರುವಿದವರು ಬಲ್ಲರು.

ಈ ರೋಗದ ನಡೆ ವಿಚಿತ್ರವಾಗಿತ್ತು. ದಾರಿದ್ರ್ಯದ ರೋಗಗಳೆಲ್ಲ ಬಡವರ ಮಕ್ಕಳನ್ನು ಹುಡುಕಿಕೊಂಡು ಹೋಗುವುದು ಲೋಕರೂಢಿ. ಇದು ಹಾಗಲ್ಲ, ಉಂಡುಟ್ಟು ಸುಖವಾಗಿದ್ದ ಮಧ್ಯಮ ವರ್ಗದ ಹಿಂದೂ ಕುಟುಂಬಗಳಲ್ಲಿ ಹೆಚ್ಚು. ತಾಯಿಯ ಹಾಲೊಂದನ್ನೇ ಕುಡಿದ ಮಗುವಿಗೆ ಬರುತ್ತಿರಲಿಲ್ಲ. ರಕ್ತದ ದೋಷವೆಂದರು, ಸೋದರಸಂಬಂಧದ ಮದುವೆಯ ಫಲವೆಂದರು, ಪಿತ್ತವೆಂದರು, ದೃಷ್ಟಿಯೆಂದರು. 1979ರಲ್ಲಿ ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್, ಪುಣೆಯ ಆನಂದ ಪಂಡಿತ್ ಮತ್ತು ಅವರ ಸಂಗಡಿಗರು ಇಂಥ ಮಕ್ಕಳ ಯಕೃತ್ತಿನಲ್ಲಿ ತಾಮ್ರ ಮಿತಿಮೀರಿರುವುದನ್ನು ಪ್ರಕಟಿಸಿದರು. ಒಣಗಿಸಿದ ಯಕೃತ್ತಿನ ಒಂದು ಗ್ರಾಮಿನಲ್ಲಿ ಸಾಮಾನ್ಯವಾಗಿ 50 ಮೈಕ್ರೊಗ್ರಾಮಿಗಿಂತ ಕಡಮೆ ತಾಮ್ರವಿರಬೇಕು. ಈ ಮಕ್ಕಳಲ್ಲಿ 800ನ್ನೂ ಮೀರಿ ಸಾವಿರಗಳ ಲೆಕ್ಕಕ್ಕೆ ಹೋಗಿತ್ತು. ಅದು ಬಂದದ್ದೆಲ್ಲಿಂದ? ಪುಣೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶೀಲಾ ಭಾವೆ ಮೊದಲಾದವರು ತಾಯಂದಿರನ್ನು ಕೂರಿಸಿಕೊಂಡು ಬೇರೇನನ್ನೂ ಅಲ್ಲ, ಹಾಲಿನ ಪಾತ್ರೆಯನ್ನು ಕುರಿತು ಕೇಳಿದರು. ಎಂಥ ಪಾತ್ರೆಯಲ್ಲಿ ಕಾಯಿಸಿದಿರಿ, ಎಲ್ಲಿ ಇಟ್ಟಿರಿ, ಎಷ್ಟನೆಯ ತಿಂಗಳಿಂದ ಕೊಟ್ಟಿರಿ? ರೋಗ ಬಂದ ಮಕ್ಕಳ ಮನೆಗಳಲ್ಲಿ ಹಿತ್ತಾಳೆ ತಾಮ್ರಗಳ ಪಾತ್ರೆಯೂ, ಬಹಳ ಎಳೆಯ ವಯಸ್ಸಿನಲ್ಲೇ ಕೊಟ್ಟ ಮೇಲುಹಾಲೂ ಜೊತೆಗೂಡಿದ್ದವು. 1983ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಸಂಶಯ ಅಚ್ಚಾಯಿತು. 1987ರಲ್ಲಿ ಆರೋಗ್ಯವಂತ ಮಕ್ಕಳ ಜೊತೆ ಹೋಲಿಸಿ ನೋಡಿದಾಗ ಅದು ಬಲವಾಯಿತು. ಹಾಲಿನ ಕೇಸೀನ್ ಎಂಬ ಸಸಾರಜನಕ ಹಿತ್ತಾಳೆಯಿಂದ ತಾಮ್ರವನ್ನು ಸೆಳೆದು ತನ್ನಲ್ಲಿ ಕಟ್ಟಿಹಾಕಿಕೊಳ್ಳುತ್ತದೆ; ಕಟ್ಟಿಹಾಕಿಕೊಂಡುದರಿಂದಲೇ ಬಣ್ಣವಿಲ್ಲ, ಕಿಲುಬು ರುಚಿಯಿಲ್ಲ. ದೊಡ್ಡವರ ಯಕೃತ್ತು ಹೆಚ್ಚಿನ ತಾಮ್ರವನ್ನು ಪಿತ್ತದೊಡನೆ ಹೊರಗೆ ಹಾಕಬಲ್ಲುದು. ಎಳೆಯ ಕೂಸಿಗೆ ಆ ಶಕ್ತಿ ಇನ್ನೂ ಪೂರ್ತಿ ಬಂದಿರುವುದಿಲ್ಲ.

ಒಂದು ಊರಿನ ಆಚಾರವಿಷ್ಟರಿಂದಲೇ ಇಷ್ಟು ಹೇಳಬಹುದೇ ಎಂದು ಸಂಶಯಪಡುವವರಿಗೆ ಆಸ್ಟ್ರಿಯಾದ ಟಿರೋಲ್ ಪ್ರಾಂತ ಉತ್ತರವನ್ನು ಕೊಟ್ಟಿತು. 1996ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೆ ಆ ಪರ್ವತಪ್ರದೇಶದಲ್ಲಿ 1900ರಿಂದ 1974ರ ವರೆಗೆ 138 ಮಕ್ಕಳು ಇಂಥದೇ ರೋಗದಿಂದ ಸತ್ತಿದ್ದರು. ಅಲ್ಲಿಯೂ ಹಸುವಿನ ಹಾಲು, ಅಲ್ಲಿಯೂ ಕಲಾಯಿಯಿಲ್ಲದ ತಾಮ್ರದ ಪಾತ್ರೆ. ಪಾತ್ರೆ ಬದಲಾಯಿತು, ರೋಗ ಹೋಯಿತು. ವಂಶದಲ್ಲಿ ಬಂದ ಒಂದು ದೌರ್ಬಲ್ಯವೂ ಜೊತೆಗೆ ಸೇರಿರಬೇಕೆಂದು ಪಂಡಿತರ ಅಭಿಪ್ರಾಯ. ಇಲ್ಲದಿದ್ದರೆ ಹಿತ್ತಾಳೆಯ ಹಾಲು ಕುಡಿದ ಎಲ್ಲರೂ ಸಾಯಬೇಕಾಗಿತ್ತು. ಆದರೆ ದೌರ್ಬಲ್ಯವಿದ್ದ ಮಕ್ಕಳು ಇಂದಿಗೂ ಹುಟ್ಟುತ್ತಿರಬೇಕಲ್ಲವೆ? ಅವರು ಬದುಕುತ್ತಿದ್ದಾರೆ. ಭಾರತದಲ್ಲಿಯೂ ಈ ರೋಗ ಇಂದು ವಿರಳ. ಎಳೆಯ ವೈದ್ಯರು ಪುಸ್ತಕದಲ್ಲಿ ಓದಿ ಬಲ್ಲರೇ ಹೊರತು ಕಣ್ಣಾರೆ ಕಂಡವರು ಕಡಮೆ.

ತಾಮ್ರ ಎಲ್ಲದಕ್ಕೂ ಅಪಾತ್ರವೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ರೋಗಾಣುಗಳು ಬೆರೆತ ನೀರನ್ನು ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟರೆ ಭೇದಿ ತರುವ ಕ್ರಿಮಿಗಳು ಸಾಯುತ್ತವೆಂದೂ, ನೀರಿಗೆ ಇಳಿಯುವ ತಾಮ್ರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಇರುತ್ತದೆಂದೂ ಬೆಂಗಳೂರಿನ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ. ಆ ಮಿತಿ ಲೀಟರಿಗೆ 2 ಮಿಲಿಗ್ರಾಂ. ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಗ್ಗೆ ಕುಡಿಯುವವರು ನಿಶ್ಚಿಂತೆಯಾಗಿರಬಹುದು. ಅದೇ ಚೊಂಬಿಗೆ ನಿಂಬೆಹಣ್ಣು ಹಿಂಡಿದರೆ ಲೆಕ್ಕವೇ ಬೇರೆ.

ಹಿತ್ತಾಳೆಯನ್ನು ಮೊದಲು ಕದಲಿಸಿದ್ದು ಅಲ್ಯೂಮಿನಿಯಂ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಇಬ್ಬರೂ ಬೇರೆ ಬೇರೆಯಾಗಿ ವಿದ್ಯುತ್ತಿನಿಂದ ಈ ಲೋಹವನ್ನು ಅಗ್ಗವಾಗಿ ತೆಗೆಯುವ ದಾರಿಯನ್ನು ಕಂಡುಹಿಡಿದರು. ಹನ್ನೆರಡೇ ವರ್ಷಗಳಲ್ಲಿ, 1898ರಲ್ಲಿ, ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರು ಕಂಚುಗಾರರ ಕೈಗೆ ಅಲ್ಯೂಮಿನಿಯಂ ತಗಡನ್ನು ಕೊಟ್ಟು ಪಾತ್ರೆ ಬಡಿಸಿದರು. ಹಗುರ, ಅಗ್ಗ, ಕಲಾಯಿ ಬೇಡ, ಜನ ಒಪ್ಪಿಕೊಂಡರು. ಕೆಲವೇ ವರ್ಷಗಳಲ್ಲಿ ಅದು ಖಾಸಗಿ ಕಂಪನಿಯ ಕೈಗೆ ಹೋಗಿ ದೊಡ್ಡ ಉದ್ಯಮವಾಯಿತು. ಇದೇ ಚಾಟರ್ಟನ್ ಮುಂದೆ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆ ವಾಣಿಜ್ಯಗಳ ನಿರ್ದೇಶಕರಾಗಿ ಬಂದು ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೆಲಸ ಮಾಡಿದರೆಂಬುದನ್ನು ಇಲ್ಲಿ ಸ್ಮರಿಸಬಹುದು. ಉತ್ತರ ಕರ್ನಾಟಕದ ಕಡೆ ಈ ಪಾತ್ರೆಗೆ 'ಜರ್ಮನ್ ಪಾತ್ರೆ' ಎಂಬ ಹೆಸರು. ಮದರಾಸಿನ ಸರಕಿಗೆ ಜರ್ಮನಿಯ ಹೆಸರು ಬಂದದ್ದು ಪೇಟೆಯ ಚಮತ್ಕಾರ.

ಅಲ್ಯೂಮಿನಿಯಮ್ಮೂ ಹುಳಿಗೆ ಕರಗುತ್ತದೆ. ಹುಣಸೆಯ ಸಾರನ್ನು ಅದರಲ್ಲಿ ರಾತ್ರಿಯೆಲ್ಲ ಇಟ್ಟರೆ ಪಾತ್ರೆಯ ಮೈಯಲ್ಲಿ ತೂತುಗಳಂಥ ಕಲೆಗಳೇಳುವುದನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಆರೋಗ್ಯವಂತನ ಮೂತ್ರಪಿಂಡಗಳು ಇದನ್ನು ಹೊರಗೆ ಹಾಕುತ್ತವೆ. ಅಲ್ಯೂಮಿನಿಯಂ ಪಾತ್ರೆಯಿಂದ ಮರೆವಿನ ರೋಗ ಬರುತ್ತದೆಂಬ ಮಾತು ಸಿದ್ಧವಾಗಿಲ್ಲ. 2011ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿ ವಾರಕ್ಕೆ ದೇಹತೂಕದ ಕಿಲೋ ಒಂದಕ್ಕೆ 2 ಮಿಲಿಗ್ರಾಮಿನ ತನಕ ತಡೆದುಕೊಳ್ಳಬಹುದೆಂದು ಹೇಳಿತು. ಇದಕ್ಕಿಂತ ದೊಡ್ಡ ಚಿಂತೆ ಬೇರೆಯದು. ಗುಜರಿಯನ್ನು ಕರಗಿಸಿ ಎರಕ ಹೊಯ್ದ ಪಾತ್ರೆಯಲ್ಲಿ ಸೀಸ ಸೇರಿಕೊಳ್ಳುತ್ತದೆ. ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ನೆಲೆಸಿದ ಆಫ್ಘನ್ ಮಕ್ಕಳ ರಕ್ತದಲ್ಲಿ ಸೀಸ ಏಕೆ ಹೆಚ್ಚೆಂದು ಹುಡುಕಿಕೊಂಡು ಹೋದವರಿಗೆ ಸಿಕ್ಕದ್ದು ಅವರು ಊರಿನಿಂದ ತಂದ ಅಲ್ಯೂಮಿನಿಯಂ ಪಾತ್ರೆಗಳು. 2025ರ ಆಗಸ್ಟಿನಲ್ಲಿ ಆ ದೇಶದ ಆಹಾರ ಮತ್ತು ಔಷಧ ಆಡಳಿತವು, 'ಹಿಂಡಾಲಿಯಂ', 'ಇಂಡಾಲಿಯಂ' ಎಂಬ ಹೆಸರಿನಲ್ಲಿ ನಮ್ಮ ಪೇಟೆಗಳಲ್ಲಿಯೂ ಮಾರುವ ಮಿಶ್ರಲೋಹದ ಕೆಲವು ಪಾತ್ರೆಗಳಿಂದಲೂ, ಕೆಲವು ಹಿತ್ತಾಳೆ ಪಾತ್ರೆಗಳಿಂದಲೂ ಸೀಸ ಇಳಿಯಬಹುದೆಂದು ಎಚ್ಚರಿಸಿತು. ಸೀಸಕ್ಕೆ ನಿರಪಾಯದ ಮಿತಿ ಎಂಬುದೇ ಇಲ್ಲ. ನಮ್ಮ ದೇಶದಲ್ಲಿ ಸೀಸದ ವಿಷವನ್ನು ಕುರಿತು ಮೊದಲು ಗಟ್ಟಿಯಾಗಿ ಮಾತನಾಡಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಒಬ್ಬರು. ಅವರು ಪಾಲುಗೊಂಡು 1999ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ, ರಕ್ತಪರೀಕ್ಷೆಗೆ ಬಂದ ನಗರದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಅಂದಿನ ಎಚ್ಚರಿಕೆಯ ಗೆರೆಯನ್ನು ಮೀರಿದ ಸೀಸವಿತ್ತು. ಪೆಟ್ರೋಲಿನ ಸೀಸ 2000ದಲ್ಲಿ ನಿಂತಿತು. ಗುಜರಿಯ ಪಾತ್ರೆ ನಿಂತಿಲ್ಲ.

ಸ್ಟೇನ್‌ಲೆಸ್ ಸ್ಟೀಲಿನ ಕಥೆ ಚಿಕ್ಕದು, ಸುಖದ್ದು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ತಕ್ಕ ಉಕ್ಕನ್ನು ಹುಡುಕುತ್ತಿದ್ದಾಗ ತುಕ್ಕು ಹಿಡಿಯದ ಉಕ್ಕನ್ನು ಕಂಡ. ಅದರಲ್ಲಿರುವ ಕ್ರೋಮಿಯಂ ಗಾಳಿ ತಾಕಿದೊಡನೆ ಕಣ್ಣಿಗೆ ಕಾಣದ ಒಂದು ಪೊರೆಯಾಗಿ ಮೈಯನ್ನು ಮುಚ್ಚಿಕೊಳ್ಳುತ್ತದೆ. ಗೀಚಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ತಾನೇ ಹಾಕಿಕೊಳ್ಳುವ ಕಲಾಯಿ ಎನ್ನಬಹುದು! ಹಳೆಯ ಜರತಾರಿ ಸೀರೆ ತೂಗಿ ಸ್ಟೀಲಿನ ಡಬ್ಬಿ ಕೊಡುವವರು ಬೀದಿಗೆ ಬಂದರು. ಅಜ್ಜಿಯ ಹಿತ್ತಾಳೆ ತೂಕಕ್ಕೆ ಮಾರಿಹೋಯಿತು. ಕಲಾಯಿ ಸಾಹೇಬರ ತಿದಿ ತಣ್ಣಗಾಯಿತು. ಇದನ್ನೆಲ್ಲ ನೆನೆದು ನಿಟ್ಟುಸಿರು ಬಿಡುವ ಲೇಖನಗಳು ಎಷ್ಟೋ ಬಂದಿವೆ. ಅದೇ ಸ್ಟೀಲು ಹಾಲಿನ ಪಾತ್ರೆಯ ಜಾಗಕ್ಕೆ ಬಂದು ಎಷ್ಟು ಕೂಸುಗಳನ್ನು ಉಳಿಸಿತೆಂಬುದನ್ನು ಯಾರೂ ಬರೆದಂತೆ ಕಾಣೆ. ಅಯಸ್ಕಾಂತಕ್ಕೆ ಅಂಟದಿದ್ದರೆ ಒಳ್ಳೆಯ ಸ್ಟೀಲೆಂಬ ನಂಬಿಕೆಯೊಂದಿದೆ. ಅದು ಪೂರ್ತಿ ಸರಿಯಲ್ಲ. ನಿಕ್ಕಲಿನ ಬದಲು ಮ್ಯಾಂಗನೀಸನ್ನು ಹೆಚ್ಚಾಗಿ ಸೇರಿಸಿದ ಕೀಳುತರದ್ದೂ ಅಂಟುವುದಿಲ್ಲ. 2024ರಲ್ಲಿ ಸರಕಾರ ಸ್ಟೀಲು ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐ.ಎಸ್.ಐ. ಮುದ್ರೆಯನ್ನು ಕಡ್ಡಾಯ ಮಾಡಿದೆ; ಅಂಗಡಿಯಲ್ಲಿ ಅಯಸ್ಕಾಂತಕ್ಕಿಂತ ಆ ಮುದ್ರೆಯನ್ನು ಹುಡುಕುವುದು ಮೇಲು.

ಅಂಟದ ಬಾಣಲೆಯ ವಿಷಯ ಎರಡು ಮಾತು. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡ ಟೆಫ್ಲಾನನ್ನು 1954ರಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಬಾಣಲೆಗೆ ಅಂಟಿಸಿದ. ಅದನ್ನು ತಯಾರಿಸಲು ಬಳಸುತ್ತಿದ್ದ ಪಿ.ಎಫ್.ಒ.ಎ. ಎಂಬ ದ್ರವ್ಯ ವಿಷವೆಂದು ಸಾಬೀತಾದದ್ದು ನಿಜ. 2019ರಲ್ಲಿ ಅದನ್ನು ಜಾಗತಿಕ ನಿಷೇಧದ ಪಟ್ಟಿಗೆ ಸೇರಿಸಿದರು. ಆದರೆ ಅದರ ಹೊಡೆತ ಮುಖ್ಯವಾಗಿ ಬಿದ್ದದ್ದು ದೋಸೆ ತಿಂದವರ ಮೇಲಲ್ಲ, ಅಮೆರಿಕದ ಕಾರ್ಖಾನೆಯ ನೆರೆಯಲ್ಲಿ ನೀರು ಕುಡಿದವರ ಮೇಲೆ. ಇಂದಿನ ಬಾಣಲೆಯನ್ನು ಸಣ್ಣ ಉರಿಯಲ್ಲಿ ಬಳಸಿದರೆ ಭಯವಿಲ್ಲ. ಬರಿದಾಗಿ ಬಹಳ ಕಾಯಿಸಿದರೆ ಲೇಪ ಒಡೆದು ಕೆಟ್ಟ ಹೊಗೆ ಬರುತ್ತದೆ. ಕಬ್ಬಿಣದ ಕಾವಲಿಯನ್ನು ಎಣ್ಣೆಯಿಂದ ಪಳಗಿಸುವ ತಾಳ್ಮೆಯಿದ್ದವರಿಗೆ ಇದರ ಅಗತ್ಯವೇ ಬೀಳದು. ಕಬ್ಬಿಣ ಸ್ವಲ್ಪ ಕರಗಿದರೂ ನಮ್ಮ ಬಹುಮಂದಿ ಹೆಂಗಸರ ರಕ್ತಕ್ಕೆ ಲಾಭವೇ.

ಮತ್ತೆ ಅಂಗಡಿಗೆ ಬಂದ ಹಿತ್ತಾಳೆಗೆ ಹಿಂದಿರುಗೋಣ. ಈಗ ಮಾರುವ ಎಷ್ಟೋ ತಪ್ಪಲೆಗಳು ಒಳಗೂ ಹೊರಗೂ ಒಂದೇ ಸಮನೆ ಬಂಗಾರದಂತೆ ಹೊಳೆಯುತ್ತವೆ. ಆ ಹೊಳಪಿಗೆ ಮರುಳಾಗಿ ಕೊಳ್ಳುವವರು ಅಜ್ಜಿಯ ಪಾತ್ರೆಯನ್ನಲ್ಲ, ಅಜ್ಜಿ ಒಲೆಗೆ ಇಡಲು ಒಪ್ಪದಿದ್ದ ಪಾತ್ರೆಯನ್ನು ಕೊಳ್ಳುತ್ತಿದ್ದಾರೆ. ಒಳಮೈ ಬೆಳ್ಳಗಿರಬೇಕು, ಬಿಳುಪು ಸವೆದಾಗ ಮತ್ತೆ ಹಾಕಿಸಲು ಊರಿನಲ್ಲಿ ಒಬ್ಬ ಕಲಾಯಿಯವನಿರಬೇಕು. ಇಲ್ಲದಿದ್ದರೆ ಅದರಲ್ಲಿ ನೀರು ಕಾಯಿಸಿಕೊಳ್ಳಬಹುದು, ಅಕ್ಕಿ ತೊಳೆಯಬಹುದು, ಹುಳಿ ಕುದಿಸುವಂತಿಲ್ಲ. ಹಾಲಂತೂ, ಮನೆಯಲ್ಲಿ ಕೂಸಿರಲಿ ಇಲ್ಲದಿರಲಿ, ಸ್ಟೀಲಿನಲ್ಲಿಯೇ ಕಾಯಲಿ. ಕಲಾಯಿಯವನು ಸಿಕ್ಕಿದರೆ ಅವನ ಕೈಯಲ್ಲಿರುವ ಕಡ್ಡಿಯನ್ನು ಒಮ್ಮೆ ಕೇಳಿ ಇಸಿದುಕೊಂಡು ಕಿವಿಯ ಬಳಿ ಬಗ್ಗಿಸಿ ನೋಡಬಹುದು. ಶುದ್ಧವಾದ ತವರ ಬಗ್ಗುವಾಗ ಕಿರಕಿರನೆ ಸಣ್ಣಗೆ ಕೂಗುತ್ತದೆ. ಸೀಸ ಹೆಚ್ಚಾಗಿ ಬೆರೆತದ್ದು ಸದ್ದಿಲ್ಲದೆ ಬಗ್ಗುತ್ತದೆ, ಕಾಗದದ ಮೇಲೆ ಎಳೆದರೆ ಕಪ್ಪು ಗೆರೆಯನ್ನೂ ಬಿಡುತ್ತದೆ.